ಹಾಡಿನ ನಡುವೆ ಮೈ ನವಿರೇಳುವುದೇಕೆ?

ಪ್ರಶ್ನೆ: ನಾನು ವಿರಾಜಪೇಟೆಯ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಸಮೂಹಗಾನ ಕಲಿಸುತ್ತೇನೆ. ಕೊಡಗಿನ ಸುಗ್ಗಿಹಬ್ಬ ಪುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್ ಇರಲಿ, ಶಾಸ್ತ್ರೀಯ ಸಂಗೀತದ ಕಛೇರಿ ಇರಲಿ, ಕೆಲವೇ ಗಳಿಗೆಗಳಲ್ಲಿ ಮೈ ನವಿರೇಳುತ್ತದೆ. ನೂರು ಸಲ ಕೇಳಿದ ಹಾಡಿನಲ್ಲೂ ಅದೇ ಜಾಗದಲ್ಲಿ ಹಾಗಾಗುತ್ತದೆ. ಇದಕ್ಕೆ ಕಾರಣವೇನು? ಮಕ್ಕಳ ಹಾಡಿನಲ್ಲಿ ಅದನ್ನು ತರಲು ಸಾಧ್ಯವೆ?

ಉತ್ತರ: ಮೈ ನವಿರೇಳಿಸುವ ಶಕ್ತಿ ಆ ಸ್ವರದಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ಆದರೆ ಅದೇ ಸ್ವರವನ್ನು ಹಾಡಿನಿಂದ ಬಿಡಿಸಿ ಒಂಟಿಯಾಗಿ ಕೇಳಿಸಿದರೆ ಏನೂ ಆಗುವುದಿಲ್ಲ. ಆ ಸ್ವರ ಬರುವ ಮುನ್ನ ಗಾಯಕರು ನಮ್ಮನ್ನು ಎಷ್ಟು ಕಾಯಿಸಿದರು, ಹೇಗೆ ಕಾಯಿಸಿದರು ಎಂಬುದರಲ್ಲಿಯೇ ಎಲ್ಲವೂ ಅಡಗಿದೆ.

ಕಲ್ಯಾಣಿ ರಾಗದ ಆಲಾಪನೆಯನ್ನು ಗಮನವಿಟ್ಟು ಕೇಳಿ. ತಂಬೂರಿ ಆಧಾರಸ್ವರವಾದ ಷಡ್ಜವನ್ನು ಎಡೆಬಿಡದೆ ನುಡಿಯುತ್ತಿರುತ್ತದೆ. ಗಾಯಕರು ಅದಕ್ಕಿಂತ ಅರ್ಧ ಸ್ವರ ಕೆಳಗಿರುವ ಕಾಕಲಿ ನಿಷಾದದ ಮೇಲೆ ನಿಂತು ಬಿಡುತ್ತಾರೆ. ಎರಡು ನಾದಗಳೂ ಒಂದನ್ನೊಂದು ಉಜ್ಜುವುದು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ, ಮೇಲಿನ ಷಡ್ಜ ಬೇಕು ಎಂದು ಮನಸ್ಸು ಹಟ ಹಿಡಿಯುತ್ತದೆ. ಆದರೆ ಕಲ್ಯಾಣಿಯ ಸ್ವಭಾವವೇ ಬೇರೆ: ನಿಷಾದದಿಂದ ಷಡ್ಜವನ್ನು ದಾಟಿ ನೇರವಾಗಿ ರಿಷಭಕ್ಕೆ ಹೋಗಿ, ಮತ್ತೆ ನಿಷಾದಕ್ಕೇ ಇಳಿಯುವ ಸಂಚಾರಗಳು ಅದಕ್ಕೆ ಸಹಜ. ಹೀಗೆ ಬೇಕಾದ ಸ್ವರವನ್ನು ಸುತ್ತಿ ಸುತ್ತಿ ಬಂದು, ಕೊನೆಗೆ ತಾರಷಡ್ಜದಲ್ಲಿ, ಅಂದರೆ ಆ ಮೇಲಿನ ಷಡ್ಜದಲ್ಲಿ, ಸ್ವರವನ್ನು ಎಳೆದು ಕಾರ್ವೆ ಕೊಟ್ಟು ನಿಂತಾಗ ಧ್ವನಿಯೂ ತಂಬೂರಿಯೂ ಒಂದಾಗುತ್ತವೆ, ಸಭೆಯಿಂದ ತಾನಾಗಿಯೇ ‘ಆಹಾ’ ಹೊರಡುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸುಖ ಸಂಗೀತದಲ್ಲಿ ಇಲ್ಲ.

ಲಯದಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಬಹುದು. ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 8 ಎಣಿಕೆ, ಎಣಿಕೆಗೆ ನಾಲ್ಕರಂತೆ 32 ಮಾತ್ರೆ. ಮೃದಂಗದವರು ‘ತದಿಗಿಣತೊಂ’ ಎಂಬ 5 ಮಾತ್ರೆಯ ಸೊಲ್ಲನ್ನು ಮೂರು ಬಾರಿ, ನಡುವೆ ಎರಡೆರಡು ಮಾತ್ರೆ ಬಿಟ್ಟು ನುಡಿಸಿದರೆ ಒಟ್ಟು 19 ಮಾತ್ರೆಗಳಾಗುತ್ತವೆ. ಆದ್ದರಿಂದ ಆವರ್ತದ ಮೊದಲ ಎಣಿಕೆಯಾದ ಸಮದಿಂದ 13 ಮಾತ್ರೆ ಕಳೆದ ಮೇಲೆ ಆರಂಭಿಸಬೇಕು. ಆಗ ಮೊದಲನೆಯ ಸೊಲ್ಲು ಎಣಿಕೆಗಿಂತ ಒಂದು ಮಾತ್ರೆ ತಡವಾಗಿ, ಎರಡನೆಯದು ಸರಿಯಾಗಿ ಎಣಿಕೆಯ ಮೇಲೆ, ಮೂರನೆಯದು ಒಂದು ಮಾತ್ರೆ ಮುಂಚೆ ಏಳುತ್ತದೆ. ತಾಳ ಹಾಕುತ್ತಿರುವ ಕೈಗೂ ಕಿವಿಗೂ ಹೀಗೆ ಎಳೆದಾಟ ನಡೆದು, ಎಲ್ಲವೂ ತಪ್ಪಿಹೋಯಿತೇನೋ ಎನ್ನುವಷ್ಟರಲ್ಲಿ ಪಲ್ಲವಿಯೊಂದಿಗೆ ಸಮ ಬಂದು ಸೇರುತ್ತದೆ. ಲೆಕ್ಕ ತಿಳಿಯದವರಿಗೂ ಮುಕ್ತಾಯದ ರೋಮಾಂಚನ ತಪ್ಪುವುದಿಲ್ಲ.

ನೂರನೆಯ ಸಲವೂ ಹಾಗಾಗುವುದೇಕೆ ಎಂಬ ನಿಮ್ಮ ಪ್ರಶ್ನೆ ಬಹಳ ಮುಖ್ಯವಾದುದು. ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತ ಕೇಳಿ ಮೈ ನವಿರೇಳುವ ಅನುಭವವಿದ್ದವರಿಗೆ ಅವರು ತಾವೇ ಆರಿಸಿದ, ಚೆನ್ನಾಗಿ ಪರಿಚಯವಿದ್ದ ಸಂಗೀತವನ್ನು ಕೇಳಿಸಿ ಮಿದುಳನ್ನು ಪರೀಕ್ಷಿಸಿದರು. ರೋಮಾಂಚನದ ಕ್ಷಣದಲ್ಲಿ ಮಾತ್ರವಲ್ಲ, ಅದಕ್ಕೆ ಮುಂಚಿನ ನಿರೀಕ್ಷೆಯ ಗಳಿಗೆಯಲ್ಲಿಯೂ ಮಿದುಳಿನ ಇನ್ನೊಂದು ಭಾಗದಲ್ಲಿ ಸುಖಾನುಭವಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಕಂಡುಬಂತು. ಮುಂದೇನು ಬರುತ್ತದೆ ಎಂದು ಬಲ್ಲವರಿಗೇ ಕಾಯುವ ಸುಖ ಹೆಚ್ಚು. ಪರಿಚಯವು ಹಾಡನ್ನು ಸವೆಸುವುದಿಲ್ಲ. ಅಂದ ಹಾಗೆ, ಮೈ ನವಿರೇಳುವ ಅನುಭವ ಎಲ್ಲರಿಗೂ ಆಗುವುದಿಲ್ಲ; ಆಗದ ಮಕ್ಕಳಿಗೆ ಸಂಗೀತದ ರುಚಿಯಿಲ್ಲ ಎಂದು ದಯವಿಟ್ಟು ತೀರ್ಮಾನಿಸಬೇಡಿ.

ಇನ್ನು ದುಡಿಕೊಟ್ಟ್ ಪಾಟ್. ಇಲ್ಲಿ ತಾರಸ್ಥಾಯಿಯ ವೈಭವವಿಲ್ಲ, ಸ್ವರಗಳ ಹರವೂ ಕಿರಿದು. ಇಬ್ಬರು ಒಂದು ಸಾಲನ್ನು ಹಾಡುತ್ತಾರೆ, ಉಳಿದಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ, ದುಡಿಯ ಪೆಟ್ಟು ನಿಲ್ಲದೆ ನಡೆಯುತ್ತಿರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಇಂತಹ ಹಾಡುಗಳ ಸಾಹಿತ್ಯ ದೊರೆಯುತ್ತದೆ; ಆದರೆ ಒಂದು ಜೋಡಿಯ ಉಸಿರು ಮುಗಿಯುವ ಜಾಗದಲ್ಲಿ ಇನ್ನೊಂದು ಜೋಡಿಯ ಧ್ವನಿ ಏಳುವ ಆ ಸಂಧಿಯನ್ನು ಎದುರಿಗೆ ಕುಳಿತೇ ಕೇಳಬೇಕು. ಕೇಳುವವರ ಮೈ ನವಿರೇಳುವುದು ಹೆಚ್ಚಾಗಿ ಅಲ್ಲಿಯೇ. ಹಾಗಾಗಿ ನಿಮ್ಮ ಮಕ್ಕಳಿಗೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ.

ಸಮೂಹಗಾನದಲ್ಲಿ ನಾನು ಸಾಮಾನ್ಯವಾಗಿ ಕಾಣುವ ಕೊರತೆಯೆಂದರೆ, ಎಲ್ಲ ಮಕ್ಕಳೂ ಮೊದಲ ಸಾಲಿನಿಂದಲೇ ಪೂರ್ತಿ ಧ್ವನಿಯಲ್ಲಿ ಹಾಡುವುದು. ಮುಂದೆ ಕೊಡಲು ಏನೂ ಉಳಿಯುವುದಿಲ್ಲ. ಪಲ್ಲವಿಯನ್ನು ಮೂರು ನಾಲ್ಕು ಮಕ್ಕಳಿಂದ ಮಾತ್ರ ಹಾಡಿಸಿ. ಮೊದಲ ಚರಣವನ್ನು ಎರಡು ಗುಂಪುಗಳು ಸಾಲು ಸಾಲಾಗಿ ಹಂಚಿಕೊಳ್ಳಲಿ. ಹಾಡಿನ ಅತಿ ಎತ್ತರದ ಸ್ವರವನ್ನು ಕೊನೆಯ ಚರಣದವರೆಗೂ ಮುಟ್ಟದಂತೆ ಸಾಲುಗಳನ್ನು ಜೋಡಿಸಿ. ಕೊನೆಯ ಪಲ್ಲವಿಗೆ ಮುನ್ನ ಎರಡು ಎಣಿಕೆ ವಾದ್ಯಗಳನ್ನೂ ನಿಲ್ಲಿಸಿ, ಮಕ್ಕಳು ಒಟ್ಟಿಗೆ ಉಸಿರು ತೆಗೆದುಕೊಂಡ ಮೇಲೆ ಎಲ್ಲರ ಧ್ವನಿ ಒಮ್ಮೆಲೇ ಏಳಲಿ. ಸಿನಿಮಾ ಗೀತೆಗಳಲ್ಲಿ ಮಾಡುವಂತೆ ಕೊನೆಗೆ ಶ್ರುತಿಯನ್ನು ಅರ್ಧ ಮನೆ ಏರಿಸುವ ಉಪಾಯವೂ ಇದೆ. ಅದರಿಂದ ಕಂಪನ ಸುಮಾರು ಶೇ 6ರಷ್ಟು ಹೆಚ್ಚುತ್ತದೆ, ಹಾಡು ಹೊಸದಾಗಿ ಬೆಳಗುತ್ತದೆ. ಆದರೆ ಎಳೆಯ ಕೊರಳುಗಳು ಆ ಎತ್ತರವನ್ನು ಕಿರುಚದೆ ಮುಟ್ಟಬಲ್ಲವೆ ಎಂದು ಮೊದಲು ಪರೀಕ್ಷಿಸಿ, ಆಗದಿದ್ದರೆ ಆರಂಭದ ಶ್ರುತಿಯನ್ನೇ ಒಂದು ಮನೆ ಇಳಿಸಿಕೊಳ್ಳಿ.