ಊರಿಗೆ ಬಂದದ್ದು ಟ್ರಂಕೋ, ಶವಪೆಟ್ಟಿಗೆಯೋ?

ಪ್ರಿಯ ಲೇಖಕರೇ,

ಡಿಸೆಂಬರ್ ಸಂಚಿಕೆಗೆಂದು ನೀವು ಕಳುಹಿಸಿದ ‘ಮರೆತವರ ನಾಡಿನಲ್ಲಿ’ ಲೇಖನವನ್ನು ಮೂರು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಈ ಮಾತನ್ನು ಒಂದು ಸಾಲಿನಲ್ಲಿ ತಿಳಿಸಿ ಸುಮ್ಮನಾಗಬಹುದಿತ್ತು. ನಿಮ್ಮ ಎರಡನೆಯ ಪುಟ ಹಾಗಾಗಲು ಬಿಡಲಿಲ್ಲ.

ಆ ಪುಟದಲ್ಲಿರುವುದು ಇಷ್ಟು. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ಸುದ್ದಿ ರೇಡಿಯೊದಲ್ಲಿ ಬರುತ್ತದೆ. ಹಿರಿಯ ಮಗ ಪೂರ್ವದ ರಣರಂಗದಲ್ಲಿದ್ದಾನೆ, ಯುದ್ಧ ಮುಗಿಯಿತು, ಇನ್ನು ರಜೆಯ ಮೇಲೆ ಬರುತ್ತಾನೆ ಎಂದು ನಿಮ್ಮ ಅಜ್ಜಿ ಕೇರಿಗೆಲ್ಲ ಸಕ್ಕರೆ ಹಂಚುತ್ತಾರೆ. ಮೂರನೆಯ ದಿನ ತಂತಿ ಬರುತ್ತದೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲ. ಒಂಬತ್ತು ವರ್ಷದ ಹುಡುಗ, ಅಂದರೆ ನಿಮ್ಮ ತಂದೆ, ಆ ಕಾಗದ ಹಿಡಿದು ಶಾಲೆಗೆ ಓಡುತ್ತಾನೆ. ಮೇಷ್ಟರು ಎರಡು ಸಲ ಓದಿಕೊಳ್ಳುತ್ತಾರೆ, ಹುಡುಗನಿಗೆ ಏನನ್ನೂ ಹೇಳುವುದಿಲ್ಲ. ಶಾಲೆಗೆ ಬೀಗ ಹಾಕಿ, ಅವನ ಕೈ ಹಿಡಿದು ಮನೆಯವರೆಗೂ ನಡೆದು ಬರುತ್ತಾರೆ. ಕೆಲವು ತಿಂಗಳ ಮೇಲೆ ಕಪ್ಪು ಬಣ್ಣದ ಟ್ರಂಕು ಬರುತ್ತದೆ. ಒಳಗೆ ಎರಡು ಜೊತೆ ಬಟ್ಟೆ, ಅರ್ಧ ಸವೆದ ಸೋಪು, ಊರಿನಿಂದ ಹೋಗಿದ್ದ ಕಾಗದಗಳ ಕಟ್ಟು.

ಇದನ್ನು ಓದಿದ ದಿನ ಮಿಕ್ಕ ಹಸ್ತಪ್ರತಿಗಳನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಇಂಥ ಒಂದು ಪುಟ ಬರೆಯಲು ಬರುವವರು ಕಡಿಮೆ. ನಿಮಗೆ ಬರುತ್ತದೆ.

ಐದನೆಯ ಪುಟಕ್ಕೆ ಬಂದಾಗ ನಾನು ತಬ್ಬಿಬ್ಬಾದೆ. ಅಲ್ಲಿ ನೀವು ಬರೆದಿರುವುದು ಹೀಗೆ: “ತ್ರಿವರ್ಣ ಧ್ವಜ ಹೊದಿಸಿದ ದೊಡ್ಡಪ್ಪನ ಶವಪೆಟ್ಟಿಗೆ ಊರನ್ನು ಪ್ರವೇಶಿಸಿದಾಗ ಸಾವಿರಾರು ಕಂಠಗಳು ಒಕ್ಕೊರಲಿನಿಂದ ಘೋಷಣೆ ಕೂಗಿದವು.” ಹಾಗಾದರೆ ಬಂದದ್ದು ಯಾವುದು? ಟ್ರಂಕೋ, ಶವಪೆಟ್ಟಿಗೆಯೋ? 1962, 1965, 1971ರ ಯುದ್ಧಗಳಲ್ಲಿ ಮಡಿದವರ ದೇಹಗಳನ್ನು ಸಾಮಾನ್ಯವಾಗಿ ಊರಿಗೆ ತರುತ್ತಿರಲಿಲ್ಲ. ರಣರಂಗದ ಹತ್ತಿರದಲ್ಲೇ ಜೊತೆಗಾರರು ಅಂತ್ಯಸಂಸ್ಕಾರ ಮಾಡುತ್ತಿದ್ದರು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಸಾಮಾನು. ಮಡಿದ ಯೋಧರನ್ನು ವಿಮಾನದಲ್ಲಿ ತಂದು ಅವರವರ ಊರಿಗೆ ತಲುಪಿಸುವ ಪದ್ಧತಿ ನೆಲೆಗೊಂಡದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಮನೆಮನೆಯ ಟಿ.ವಿ.ಯಲ್ಲಿ ಕಂಡ ನಮ್ಮ ಮೊದಲ ಯುದ್ಧವೂ ಅದೇ. ಆ ಬೇಸಗೆಯಲ್ಲಿ 527 ಯೋಧರು ಮಡಿದರು. ಹೂವಿನ ಲಾರಿ, ಜನಜಂಗುಳಿ, ಮುಂದಿನ ಸಾಲಿನಲ್ಲಿ ನಿಂತ ಮಂತ್ರಿಗಳು, ಗಾಳಿಯಲ್ಲಿ ಗುಂಡು ಹಾರಿಸಿ ಸಲ್ಲಿಸುವ ಗೌರವ, ಇವೆಲ್ಲ ನಮ್ಮ ಕಣ್ಣಿನಲ್ಲಿ ಉಳಿದದ್ದು ಆಗ. ಆ ಕುಟುಂಬಗಳ ಪಾಲಿಗೆ ಅದು ನಿಜ. ನಿಮ್ಮ ಅಜ್ಜಿಯ ಪಾಲಿಗೆ ಅದು ನಿಜವಲ್ಲ. ಮಗನ ಮುಖವನ್ನು ಕೊನೆಯ ಸಲ ನೋಡುವ ಅವಕಾಶವೂ ಆಕೆಗೆ ಸಿಗಲಿಲ್ಲ. ಆಕೆಯ ಸಂಕಟದ ಆಳ ಇರುವುದು ಅಲ್ಲೇ. ಒಂದು ವಾಕ್ಯದಲ್ಲಿ ನೀವು ಅದನ್ನು ಅಳಿಸಿ, ಬೇರೆಯವರ ಮನೆಯ ಮೆರವಣಿಗೆಯನ್ನು ತಂದು ಅಲ್ಲಿ ನಿಲ್ಲಿಸಿದ್ದೀರಿ.

ನೀವು ಬೇಕೆಂದೇ ಸುಳ್ಳು ಬರೆದಿರಿ ಎಂದು ನಾನು ಭಾವಿಸುವುದಿಲ್ಲ. ನಡೆದದ್ದನ್ನು ನಾನು ಊಹಿಸಬಲ್ಲೆ. ಐದನೆಯ ಪುಟದಿಂದ ನಿಮ್ಮ ರಾಜಕೀಯ ವಾದ ಶುರುವಾಗುತ್ತದೆ. ಯಾರು ಸೈನಿಕರನ್ನು ಗೌರವಿಸುತ್ತಾರೆ, ಯಾರು ಅವರಿಗೆ ದ್ರೋಹ ಬಗೆದರು, ಮುಂದಿನ ಚುನಾವಣೆಯಲ್ಲಿ ಯಾರಿಗೆ ಪಾಠ ಕಲಿಸಬೇಕು ಎಂಬ ಮಾತುಗಳು ಹದಿನಾಲ್ಕನೆಯ ಪುಟದವರೆಗೂ ಹೋಗುತ್ತವೆ. ಆ ವಾದಕ್ಕೆ ಒಂದು ಜನಸಮೂಹ ಬೇಕಿತ್ತು. ಮೌನವಾಗಿ ನಡೆದು ಬಂದ ಮೇಷ್ಟರಿಂದ ಅದಕ್ಕೆ ಏನೂ ಸಿಗುತ್ತಿರಲಿಲ್ಲ, ಸವೆದ ಸೋಪಿನಿಂದಲೂ ಸಿಗುತ್ತಿರಲಿಲ್ಲ. ಹಾಗಾಗಿ ನಿಮ್ಮ ಅಭಿಪ್ರಾಯ ಹಿಂದಕ್ಕೆ ಹೋಗಿ ನಿಮ್ಮ ನೆನಪನ್ನೇ ತಿದ್ದಿತು. ಲೇಖನ ಒಪ್ಪಿಕೊಳ್ಳಲು ನನಗೆ ಅಡ್ಡಬಂದ ಕಾರಣ ಇದೊಂದೇ. ನೀವು ಯಾವ ಪಕ್ಷದ ಕಡೆಯವರು ಎಂಬುದು ಕಾರಣವೇ ಅಲ್ಲ. ವಿರುದ್ಧ ಪಕ್ಷದವರು ಇದೇ ತಪ್ಪು ಮಾಡಿ ಕಳುಹಿಸಿದ ಲೇಖನಗಳನ್ನೂ ನಾನು ಹಿಂದಿರುಗಿಸಿದ್ದೇನೆ.

ರಾಜಕೀಯವನ್ನು ತೆಗೆದುಹಾಕಿ ಎಂದು ನಾನು ಹೇಳುತ್ತೇನೆಂದು ನೀವು ನಿರೀಕ್ಷಿಸಿರಬಹುದು. ಹೇಳುವುದಿಲ್ಲ. ಸತ್ತವರ ನೆನಪಿನ ಹತ್ತಿರ ರಾಜಕೀಯ ಸುಳಿಯಬಾರದು ಎನ್ನುವವರ ಮಾತನ್ನು ನಾನು ನಂಬುವವನಲ್ಲ. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಸಂಸತ್ತಿನ ಅಧಿವೇಶನ ಕರೆಯಬೇಕೆಂದು ಒತ್ತಾಯಿಸಿದವರಲ್ಲಿ ರಾಜ್ಯಸಭೆಯ ಯುವ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ಒಪ್ಪಿದರು, ನವೆಂಬರ್ 8ರಂದು ಸಂಸತ್ತು ಸೇರಿತು, ಸದಸ್ಯರು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಅದಕ್ಕೂ ಮೊದಲೇ ರಕ್ಷಣಾ ಖಾತೆಯನ್ನು ಕಳೆದುಕೊಂಡಿದ್ದ ವಿ.ಕೆ. ಕೃಷ್ಣ ಮೆನನ್ ಸಂಪುಟದಿಂದಲೇ ಹೊರಬಿದ್ದಿದ್ದರು, ಅವರ ಮೇಲೆ ಒತ್ತಡ ತಂದವರಲ್ಲಿ ಸ್ವಪಕ್ಷದವರೂ ಇದ್ದರು. ಆ ಚರ್ಚೆಯ ಬೆನ್ನಲ್ಲೇ, ನವೆಂಬರ್ 18ರಂದು, ಲಡಾಖ್‌ನ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವ್ ರೆಜಿಮೆಂಟಿನ ಕಂಪನಿ ಬಹುತೇಕ ಕೊನೆಯ ಮನುಷ್ಯನವರೆಗೂ ಹೋರಾಡಿ ಮಡಿಯಿತು. ದೆಹಲಿಯಲ್ಲಿ ಪ್ರಶ್ನೆ ಕೇಳಿದವರು ಆ ಯೋಧರಿಗೆ ದ್ರೋಹ ಮಾಡಿದರೇ? ಚಳಿಗೆ ತಕ್ಕ ಬಟ್ಟೆ ಏಕಿಲ್ಲ, ಆಯುಧ ಏಕಿಲ್ಲ ಎಂದು ಅವರ ಪರವಾಗಿ ಕೇಳಬಲ್ಲವರು ಬೇರೆ ಯಾರಿದ್ದರು?

ಮೂವತ್ತೇಳು ವರ್ಷಗಳ ನಂತರ ಅದೇ ವಾಜಪೇಯಿ ಪ್ರಧಾನಿಯಾಗಿದ್ದಾಗ ಕಾರ್ಗಿಲ್ ನಡೆಯಿತು. ಪಾಕಿಸ್ತಾನದವರು ಶಿಖರಗಳನ್ನು ಆಕ್ರಮಿಸಿಕೊಂಡದ್ದು ಮೊದಲೇ ಏಕೆ ತಿಳಿಯಲಿಲ್ಲ ಎಂಬ ಪ್ರಶ್ನೆಯನ್ನು ಈಗ ಅವರ ಸರ್ಕಾರವೇ ಎದುರಿಸಬೇಕಾಯಿತು. ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿಯನ್ನು ನೇಮಿಸಲಾಯಿತು, ವರದಿಯನ್ನು 2000ದ ಫೆಬ್ರವರಿಯಲ್ಲಿ ಸಂಸತ್ತಿನ ಮುಂದಿಡಲಾಯಿತು. ನಿಮ್ಮ ಹತ್ತು ಪುಟಗಳ ರಾಜಕೀಯದಲ್ಲಿ ಇಂಥ ಒಂದು ಪ್ರಶ್ನೆಯೂ ಇಲ್ಲ. ಬರೀ ವಿಶೇಷಣಗಳಿವೆ. ನೀವು ಬೈದಿರುವ ಪಕ್ಷದ ಹೆಸರನ್ನು ಅಳಿಸಿ ಇನ್ನೊಂದರ ಹೆಸರು ಬರೆದರೆ ಒಂದು ವಾಕ್ಯವೂ ಕೆಡುವುದಿಲ್ಲ. ನೀವೇ ಪೆನ್ಸಿಲ್ ಹಿಡಿದು ಮಾಡಿ ನೋಡಿ.

ನಿಮ್ಮ ನಿಜವಾದ ರಾಜಕೀಯ ನಿಮ್ಮ ಮನೆಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಅಜ್ಜಿಗೆ ಪಿಂಚಣಿ ಬರುತ್ತಿತ್ತೇ? ಎಷ್ಟು ಬರುತ್ತಿತ್ತು, ಯಾವ ವರ್ಷದಿಂದ? ಅದಕ್ಕಾಗಿ ಆಕೆ ಎಷ್ಟು ಸಲ ಕಚೇರಿಗೆ ಅಲೆದರು, ಜೊತೆಗೆ ಯಾರು ಹೋಗುತ್ತಿದ್ದರು, ಅರ್ಜಿ ಬರೆದುಕೊಟ್ಟವರು ಯಾರು? ಅದೇ ಮೇಷ್ಟರೇ? ಕಾರ್ಗಿಲ್‌ನ ನಂತರ ಮಡಿದವರ ಕುಟುಂಬಗಳಿಗೆ ಪರಿಹಾರ ಹೆಚ್ಚಿತು, ಅದು ಆಗಲೇಬೇಕಾಗಿದ್ದ ಕೆಲಸ. ಟಿ.ವಿ. ಇಲ್ಲದ ಕಾಲದ ಯುದ್ಧಗಳ ತಾಯಂದಿರು ಅದನ್ನು ನೋಡುತ್ತ ಏನು ಅಂದುಕೊಂಡರು? ಈ ಬಗ್ಗೆ ನಿಮಗೆ ಸಿಟ್ಟಿದ್ದರೆ ಆ ಸಿಟ್ಟನ್ನು ಪೂರ್ತಿಯಾಗಿ ಬರೆಯಿರಿ, ಯಾವ ಸರ್ಕಾರದ ಹೆಸರು ಬಂದರೂ ನಾನು ಹೊಡೆದುಹಾಕುವುದಿಲ್ಲ. ಆದರೆ “ನನ್ನ ದೊಡ್ಡಪ್ಪ ಇಂದು ಬದುಕಿದ್ದರೆ ಇವರಿಗೇ ಮತ ಹಾಕುತ್ತಿದ್ದರು” ಎಂಬ ಒಂಬತ್ತನೆಯ ಪುಟದ ವಾಕ್ಯವನ್ನು ಖಂಡಿತ ಹೊಡೆದುಹಾಕುತ್ತೇನೆ. ಅವರು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹೋದರು. ಎಂಬತ್ತರ ಹತ್ತಿರ ಬರುವ ಹೊತ್ತಿಗೆ ಅವರು ಏನನ್ನು ನಂಬುತ್ತಿದ್ದರು ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮ್ಮ ಮತ ನಿಮ್ಮದು. ‘ನಾನು ಹೀಗೆ ನಂಬುತ್ತೇನೆ’ ಎಂದು ನಿಮ್ಮ ಹೆಸರಿನಲ್ಲೇ ಬರೆದು, ಅದರ ಹೊಣೆ ಹೊತ್ತುಕೊಳ್ಳಿ.

ನಮ್ಮ ಹಿರಿಯರಿಗೆ ರಾಜಕೀಯವನ್ನೂ ಸತ್ತವರ ನೆನಪನ್ನೂ ಒಂದೇ ಕಲ್ಲಿನಲ್ಲಿ ಇಡುವುದು ಗೊತ್ತಿತ್ತು. ವೀರಗಲ್ಲುಗಳನ್ನು ನೋಡಿ. ಯಾವ ಅರಸ ಆಳುತ್ತಿದ್ದ, ಯಾರು ಯಾರ ಮೇಲೆ ಏರಿ ಬಂದರು, ಜಗಳ ತುರುಗಳಿಗಾಗಿಯೋ ಊರಿಗಾಗಿಯೋ, ಇದಿಷ್ಟನ್ನೂ ಶಾಸನದಲ್ಲಿ ಕೆತ್ತುತ್ತಿದ್ದರು. ಅದು ರಾಜಕೀಯವೇ. ಆಮೇಲೆ ಇಂಥವನು ಕಾದಿ ಸತ್ತ ಎಂಬ ಮಾತು. ಶಿಲ್ಪದ ಕೆಳಗಿನ ಪಟ್ಟಿಕೆಯಲ್ಲಿ ಅವನು ಹೋರಾಡುತ್ತಾನೆ, ಮೇಲಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಬೆಂಗಳೂರಿನ ಹೆಸರನ್ನು ನಮಗೆ ಉಳಿಸಿಕೊಟ್ಟಿರುವ ಒಂಬತ್ತನೆಯ ಶತಮಾನದ ಕೊನೆಯ ಬೇಗೂರು ಶಾಸನವೂ ‘ಬೆಂಗಳೂರು ಕಾಳಗ’ದಲ್ಲಿ ಸತ್ತವನ ನೆನಪಿನದೇ. ಅರಸರ ಹೆಸರು ಬರುತ್ತದೆ, ಆದರೆ ಕಲ್ಲು ನಿಂತಿರುವುದು ಸತ್ತವನಿಗಾಗಿ. ನಿಮ್ಮ ಲೇಖನದಲ್ಲಿ ದೊಡ್ಡಪ್ಪನಿಗೆ ನಾಲ್ಕು ಪುಟ, ಅರಸರಿಗೆ ಹತ್ತು ಪುಟ ಸಿಕ್ಕಿದೆ. ದೊಡ್ಡಪ್ಪನ ಹೆಸರು ನಾಲ್ಕನೆಯ ಪುಟದ ನಂತರ ಒಂದು ಸಲವೂ ಇಲ್ಲ, ‘ಹುತಾತ್ಮ’ ಎಂಬ ಪದ ಮೂವತ್ತೊಂದು ಸಲ ಇದೆ. ಎಣಿಸಿದ್ದೇನೆ. ಪದ ದೊಡ್ಡದೇ, ತನ್ನನ್ನೇ ಆಹುತಿಯಾಗಿ ಕೊಟ್ಟವನು ಎಂದರ್ಥ. ಅದಕ್ಕೇ ಅದನ್ನು ಒಂದು ಸಲ, ತಕ್ಕ ಜಾಗದಲ್ಲಿ ಮಾತ್ರ ಬಳಸಿ. ಉಳಿದ ಕಡೆ ಹೆಸರು ಹಿಡಿದು ಕರೆಯಿರಿ.

ಇನ್ನು ಅಂಕಿ. “1971ರಲ್ಲಿ ಲಕ್ಷಾಂತರ ಯೋಧರು ಪ್ರಾಣ ತೆತ್ತರು” ಎಂದಿದ್ದೀರಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ಉದ್ಘಾಟನೆಯಾದಾಗ, ಸ್ವಾತಂತ್ರ್ಯಾನಂತರದ ಎಲ್ಲ ಯುದ್ಧ, ಕಾರ್ಯಾಚರಣೆಗಳಲ್ಲಿ ಮಡಿದವರ ಹೆಸರುಗಳು ಸೇರಿ ಅದರ ಕಲ್ಲುಗಳ ಮೇಲೆ ಇದ್ದದ್ದು ಸುಮಾರು 26,000. 1971ರ ಯುದ್ಧದಲ್ಲಿ ನಮ್ಮ ಕಡೆ ಮಡಿದವರು ನಾಲ್ಕು ಸಾವಿರದ ಒಳಗೆ. ನಿಮಗೆ ನೆನಪಿದ್ದಿರಬಹುದಾದ 93,000 ಎಂಬುದು ಸೆರೆಸಿಕ್ಕ ಪಾಕಿಸ್ತಾನದವರ ಸಂಖ್ಯೆ. ಸಂಖ್ಯೆಯನ್ನು ಹಿಗ್ಗಿಸಿದರೆ ನಿಮ್ಮ ದೊಡ್ಡಪ್ಪ ಲಕ್ಷಗಳ ನಡುವೆ ಕಳೆದುಹೋಗುತ್ತಾರೆ.

ಶತ್ರುಗಳನ್ನೆಲ್ಲ ಹೇಡಿಗಳು ಎಂದು ಕರೆದಿರುವುದರ ಬಗ್ಗೆಯೂ ಒಂದು ಮಾತು. ಹೇಡಿಗಳ ವಿರುದ್ಧ ಗೆಲ್ಲಲು ಅಷ್ಟು ಜನ ಸಾಯಬೇಕಾಗಿತ್ತೇ? ಕಾರ್ಗಿಲ್ ಯುದ್ಧದಲ್ಲಿ ಟೈಗರ್ ಹಿಲ್‌ನಲ್ಲಿ ಸತ್ತ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (‘ಕರ್ನಲ್’ ಅವರ ಹೆಸರಿನದೇ ಭಾಗ, ಹುದ್ದೆಯಲ್ಲ) ಎಷ್ಟು ಧೈರ್ಯದಿಂದ ಹೋರಾಡಿದರೆಂದು ದಾಖಲಿಸಿದವರು ನಮ್ಮ ಬ್ರಿಗೇಡಿಯರ್. ಆ ದೇಶ ತನ್ನ ಅತ್ಯುನ್ನತ ಪದಕವನ್ನು ಅವರಿಗೆ ಕೊಟ್ಟಿತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆಯನ್ನಂತೂ ನೀವು ತಿಳಿದಿರಲೇಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರು ಹಿಂದಿರುಗಲಿಲ್ಲ. ಅವರಿಗೆ ಏನಾಯಿತೆಂಬುದನ್ನು ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ತನಗಿಂತ ಎಷ್ಟೋ ವೇಗವಾಗಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನದೊಂದಿಗೆ ತಮ್ಮ ಹಳೆಯ ಮಿಸ್ಟೇರ್‌ನಲ್ಲೇ ಸೆಣಸಿ, ಅದನ್ನು ಉರುಳಿಸಿ ಅವರು ಮಡಿದಿದ್ದರು. ವರ್ಷಗಳ ನಂತರ ಇದು ಹೊರಬಂದದ್ದು ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿದ ಬರಹದಿಂದ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ಮೂರು ವರ್ಷಗಳ ಮೇಲೆ. ಆ ಕಡೆಯ ದಾಖಲೆಯೆಲ್ಲ ಸುಳ್ಳೆಂದು ನಾವು ಬದಿಗೆ ತಳ್ಳಿದ್ದರೆ ಅವರು ಇಂದಿಗೂ ಬರೀ ‘ಕಾಣೆಯಾದವರು’ ಆಗಿರುತ್ತಿದ್ದರು.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಎರಡನೆಯ ಪುಟದಲ್ಲಿ ನೀವು ಬರೆದ ಕನ್ನಡ ನಿಮ್ಮದು, ಐದನೆಯ ಪುಟದ ನಂತರದ್ದು ವೇದಿಕೆಯ ಭಾಷಣದ್ದು.

ಡಿಸೆಂಬರ್ ಸಂಚಿಕೆಗೆ ಇನ್ನೂ ಐದು ವಾರ ಸಮಯವಿದೆ. ನಿಮ್ಮ ತಂದೆ ಇದ್ದಾರಲ್ಲವೇ? ಅವರ ಎದುರು ಕೂತು ಕೇಳಿ. ತಂತಿ ಹಿಡಿದು ಓಡಿದ ಹುಡುಗನಿಗೆ ಅದರಲ್ಲಿ ಏನಿದೆಯೆಂದು ಯಾವ ಗಳಿಗೆಯಲ್ಲಿ ಗೊತ್ತಾಯಿತು, ಬೀಗ ಹಾಕುವಾಗಲೋ, ದಾರಿಯಲ್ಲೋ, ಅಜ್ಜಿಯ ಮುಖ ನೋಡಿದಾಗಲೋ. ಟ್ರಂಕನ್ನು ಮನೆಯವರು ಆಮೇಲೆ ಯಾವುದಕ್ಕೆ ಬಳಸಿದರು, ಅಥವಾ ಬಳಸಲೇ ಇಲ್ಲವೇ? ಸೈನಿಕರ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು ಬರೆದಿರುತ್ತದೆ. ಅದು ಇನ್ನೂ ಮನೆಯಲ್ಲಿದ್ದರೆ, ಒರೆಸಿ, ಏನೇನು ಓದಲು ಬರುತ್ತದೆಯೋ ಅಷ್ಟನ್ನೂ ಇದ್ದ ಹಾಗೆಯೇ ಬರೆದುಕೊಂಡು ಕಳುಹಿಸಿ.

ನಿಮ್ಮ,
ಸಂಪಾದಕ