ರೈತನಾಗಿ ಬದುಕಿ ಹೋದ ತಂದೆಯ ಬಗ್ಗೆ ಏನು ಬರೆಯಬೇಕು?

ಶಿರಸಿ ಕಡೆಯ ಅಡಿಕೆ ಬೆಳೆಗಾರರಾಗಿದ್ದ ತಂದೆ ಕಳೆದ ತಿಂಗಳು ತೀರಿಕೊಂಡರು, ಮಕ್ಕಳಿಗಾಗಿ ಅವರ ಬದುಕನ್ನು ಬರೆದಿಡಲು ಕುಳಿತರೆ ‘ಶ್ರಮಜೀವಿ, ಸರಳ ಮನುಷ್ಯ’ ಎಂಬ ಎರಡು ಮಾತಿನಾಚೆ ಏನೂ ಹೊಳೆಯುತ್ತಿಲ್ಲ ಎಂದು ಕೇಳಿದ್ದೀರಿ. ಅಪ್ಪ ಹೋದ ವರ್ಷ ನಾನೂ ಹೀಗೆಯೇ ಕುಳಿತಿದ್ದೆ. ಆ ಎರಡು ಮಾತನ್ನು ಹೊಡೆದುಹಾಕಿ, ಅಪ್ಪ ಎಷ್ಟು ಹೊತ್ತಿಗೆ ಊಟ ಮಾಡುತ್ತಿದ್ದ ಎಂದು ಬರೆಯತೊಡಗಿದ ಮೇಲೆ ಉಳಿದದ್ದು ತಾನಾಗಿ ಬಂತು.

ನಮ್ಮದು ಕುಮಟಾ ತಾಲೂಕು. ನಿಮ್ಮ ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವಲ್ಲಿ ನಮ್ಮ ಗಜನಿ ಗದ್ದೆಗಳಿವೆ. ಅಲ್ಲಿ ದಿನಕ್ಕೆ ಎರಡು ಸಲ ಉಪ್ಪುನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಳಿತದಲ್ಲಿ ಒಡ್ಡಿನ ಹಲಗೆ ಬಾಗಿಲನ್ನು ಎತ್ತಿ ಗದ್ದೆಯ ಮಳೆನೀರನ್ನು ಹೊರಗೆ ಬಿಡಬೇಕು, ಭರತ, ಅಂದರೆ ನೀರಿನ ಏರಿಕೆ, ಬರುವ ಮೊದಲು ಮುಚ್ಚಬೇಕು. ಅದು ನಡುರಾತ್ರಿಯಾದರೆ ನಡುರಾತ್ರಿ. ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮಳೆಗಾಲದಲ್ಲಿ ಅಪ್ಪನ ಊಟವೂ ಅದರ ಹಿಂದೆಯೇ ಸರಿಯುತ್ತಿತ್ತು. ಅಮ್ಮ ಗಡಿಯಾರ ನೋಡಿದವಳಲ್ಲ. ಇವತ್ತು ಯಾವ ತಿಥಿ ಎಂದು ಕೇಳಿಕೊಂಡು ಅನ್ನಕ್ಕೆ ನೀರಿಡುತ್ತಿದ್ದಳು.

ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ರಭಸ ಹೆಚ್ಚು. ಅಷ್ಟಮಿಯ ಸುತ್ತ ತಗ್ಗುತ್ತದೆ. ಹೀಗಾಗಿ ಅಷ್ಟಮಿ ಬಂತೆಂದರೆ ಅಪ್ಪ ಮನೆಯಲ್ಲಿ ಸಿಗುತ್ತಾನೆ ಎಂಬುದು ನಮಗೆ ಮಕ್ಕಳಿಗೆ ಗೊತ್ತಿತ್ತು. ಹರಿದ ಚಪ್ಪಲಿ ತೋರಿಸುವುದು, ಶಾಲೆಯ ಕಾಗದಕ್ಕೆ ಸಹಿ ಹಾಕಿಸುವುದು, ಅಣ್ಣನ ಮೇಲೆ ದೂರು ಹೇಳುವುದು, ಎಲ್ಲವನ್ನೂ ಅಷ್ಟಮಿಗೆಂದು ಕೂಡಿಟ್ಟುಕೊಳ್ಳುತ್ತಿದ್ದೆವು.

ಗಜನಿಯ ಭತ್ತದ ಹೆಸರು ಕಗ್ಗ. ಉಪ್ಪನ್ನು ತಡೆದುಕೊಳ್ಳುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರ ಕೇಳುವುದಿಲ್ಲ. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಬಿತ್ತುತ್ತಾರೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲಿಯೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದರೆ ಉಪ್ಪುನೀರಿನ ಜೊತೆ ಒಳಗೆ ಬರುವ ಸಿಗಡಿಗೂ ಮೀನಿಗೂ ಆ ಕೊಳೆತ ಹುಲ್ಲೇ ಆಸರೆ. ನೆನೆಸಿಟ್ಟ ಬೀಜದ ಮುಡಿಯೊಳಗೆ, ಅಂದರೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಬೀಜದ ಮೂಟೆಯೊಳಗೆ, ಅಪ್ಪ ಕೈ ತೂರಿಸಿ, ಕಣ್ಣು ಮುಚ್ಚಿ, ಬಿಸಿ ನೋಡುತ್ತಿದ್ದ. ನಮಗೆ ಜ್ವರ ಬಂದರೆ ಹಣೆ ಮುಟ್ಟುತ್ತಿರಲಿಲ್ಲ. ಕಂಕುಳಲ್ಲಿ ಕೈಯಿಟ್ಟು, ಹಾಗೆಯೇ ಕಣ್ಣು ಮುಚ್ಚಿ ನೋಡುತ್ತಿದ್ದ. ‘ಪ್ರೀತಿಯ ತಂದೆ’ ಎಂದು ಬರೆದಿದ್ದರೆ ನನ್ನ ಮಗಳಿಗೆ ಏನೂ ಕಾಣಿಸುತ್ತಿರಲಿಲ್ಲ. ಇದನ್ನು ಓದಿದವಳು ತನ್ನ ಕಂಕುಳಲ್ಲಿ ಕೈಯಿಟ್ಟು ನೋಡಿಕೊಂಡಳು.

ಅವರು ಸೋತದ್ದನ್ನೂ ಬರೆಯಿರಿ. ತೊಂಬತ್ತರ ದಶಕದಲ್ಲಿ ಹೊರಗಿನ ಗುತ್ತಿಗೆದಾರರು ನಮ್ಮ ಗಜನಿಯನ್ನು ಸಿಗಡಿ ಹೊಂಡಗಳಿಗೆ ಕೇಳಿದರು. ಗಜನಿ ಒಬ್ಬರದ್ದಲ್ಲ, ಹತ್ತಾರು ಮನೆಗಳ ಗದ್ದೆಗೆ ಒಂದೇ ಒಡ್ಡು, ಒಂದೇ ಬಾಗಿಲು. ಹೆಚ್ಚಿನವರು ಒಪ್ಪಿದ್ದರು, ಅಪ್ಪನೂ ಸಹಿ ಹಾಕಿದ. ಆ ಹಣದಲ್ಲಿ ಅಕ್ಕನ ಮದುವೆಯಾಯಿತು, ಅದನ್ನು ನಾನು ಮರೆಯಲಾರೆ. ಆದರೆ ಸಿಗಡಿಗೆ ಬಿಳಿ ಚುಕ್ಕೆ ರೋಗ ಬಂತು, ಗುತ್ತಿಗೆದಾರರು ಹೊರಟುಹೋದರು. ಕರಾವಳಿ ನಿಯಂತ್ರಣ ವಲಯದಲ್ಲಿ ಇಂತಹ ಹೊಂಡಗಳು ಕೂಡದು, ಸಾಂಪ್ರದಾಯಿಕ ಪದ್ಧತಿಗೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಅಪ್ಪ ನನ್ನಿಂದ ಎರಡು ಸಲ ಓದಿಸಿದ. ಕಗ್ಗ ಬಿತ್ತೋಣವೆಂದರೆ ನಮ್ಮ ಮನೆಯಲ್ಲಿ ಬೀಜವೇ ಇರಲಿಲ್ಲ.

ಬಿತ್ತನೆಯ ಬೀಜ ಇಲ್ಲದ ಮನೆ ಎನಿಸಿಕೊಂಡದ್ದು ಅಪ್ಪನಿಗೆ ಸಾಲಕ್ಕಿಂತ ದೊಡ್ಡ ನೋವಾಗಿತ್ತು. ಹೊಳೆಯಾಚೆಯ ಊರುಗಳಲ್ಲಿ ಮನೆಮನೆ ಅಲೆದು, ಮುಂದಿನ ವರ್ಷ ಎರಡರಷ್ಟು ಕೊಡುತ್ತೇನೆ ಎಂಬ ಮಾತಿನ ಮೇಲೆ ಎರಡು ಕೊಳಗ ತಂದ. ಅಕ್ಕಪಕ್ಕದವರು ಯಾರೂ ಬಿತ್ತದ ಕಾರಣ ಆ ಒಂದು ತುಂಡು ಹಸಿರಿನ ಮೇಲೆ ಹಕ್ಕಿಗಳೆಲ್ಲ ಎರಗಿದವು. ಮುಂದಿನ ಬಿತ್ತನೆಗೆ ಸಾಕಾಗುವಷ್ಟು ಮಾತ್ರ ಉಳಿಯಿತು. ಅಷ್ಟನ್ನು ಮುಡಿ ಕಟ್ಟಿ, ಹೊಗೆ ತಾಗುವಂತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟ. ಅದರಿಂದ ಒಂದು ಮುಷ್ಟಿಯನ್ನೂ ಅಮ್ಮ ಗಂಜಿಗೆ ತೆಗೆಯಲಿಲ್ಲ.

ಇನ್ನು ನಿಮ್ಮ ತಂದೆಯವರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಒಂದೇ ಲೆಕ್ಕ. ಆದರೆ ಹದ ಸರಿಯಾಗಿದೆ ಎಂದು ಅವರು ಹೇಗೆ ತಿಳಿಯುತ್ತಿದ್ದರು? ಕತ್ತಿಯನ್ನು ಅದ್ದಿ, ಕೆಂಪು ಕಟ್ಟುತ್ತದೆಯೇ ಎಂದು ನೋಡುತ್ತಿದ್ದರೇ? ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದಲ್ಲಿ ಯಾವ ಮರಕ್ಕೆ ಕತ್ತಿ ಹಾಕಲು ಬಿಡುತ್ತಿರಲಿಲ್ಲ? ಅಡಿಕೆ ಮಾರಿ ಶಿರಸಿ ಪೇಟೆಯಿಂದ ಮರಳುವಾಗ ಚೀಲದಲ್ಲಿ ಏನಿರುತ್ತಿತ್ತು, ಯಾರ ಕೈಗೆ ಮೊದಲು ಕೊಡುತ್ತಿದ್ದರು? ಅಮ್ಮನನ್ನು ಕೇಳಿ, ಅಡುಗೆಮನೆಯಲ್ಲಿ ಅವರು ಕೆಲಸ ಮಾಡುತ್ತಿರುವಾಗ ಕೇಳಿ. ಎದುರಿಗೆ ಕುಳಿತು ಬರೆದುಕೊಳ್ಳುತ್ತ ಕೇಳಿದರೆ ಮಾತು ಕಟ್ಟುತ್ತದೆ.

ನಿಮ್ಮ ತೋಟದ ಮರ ಹತ್ತಿ ಔಷಧಿ ಹೊಡೆಯುತ್ತಿದ್ದ, ಅಡಿಕೆ ಕೊನೆ ಕೊಯ್ಯುತ್ತಿದ್ದ ಕೊನೆಗೌಡರನ್ನೂ ಬಿಡಬೇಡಿ. ವರ್ಷಗಟ್ಟಲೆ ಅವರು ಮರದ ಮೇಲೆ, ನಿಮ್ಮ ತಂದೆ ಬುಡದಲ್ಲಿ ನಿಂತು ಆಡಿದ ಮಾತುಗಳು ಮನೆಯ ಯಾರಿಗೂ ಕೇಳಿರುವುದಿಲ್ಲ. ಮಳೆ ಹಿಡಿಯುವ ಮೊದಲೇ ಅವರ ಮನೆಗೆ ಹೋಗಿ ಬನ್ನಿ. ಔಷಧಿ ಹೊಡೆಯುವ ದಿನಗಳು ಶುರುವಾದರೆ ಅವರು ಕೈಗೆ ಸಿಗುವುದಿಲ್ಲ.