ಮೂಟೆಗೂ ಬೇಕು, ಮುಂಜಿಗೂ ಬೇಕು

ಪ್ರಶ್ನೆ: ಮನೆಯಲ್ಲಿ ಐದು ಜನ, ಎರಡೆಕರೆ ಅಡಿಕೆ ತೋಟ. ಮದುವೆ-ಮುಂಜಿಗೂ ಗೊಬ್ಬರದ ಚೀಲಕ್ಕೂ ಒಂದೇ ಗಾಡಿ ಬೇಕು. ಬೊಲೆರೊವೋ, ಎರ್ಟಿಗಾವೋ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಮನೆ ದಾರಿ ನೋಡಿ. ನಮ್ಮದು ಮಣ್ಣಿನ ಏರು. ಎರ್ಟಿಗಾದಂತೆ ಮುಂದಿನ ಚಕ್ರ ಎಳೆಯುವ ನನ್ನ ಹಳೇ ಕಾರು ಆಷಾಢದಲ್ಲಿ ಮೂಟೆ ಹೇರಿದರೆ ನಿಂತಲ್ಲೇ ಗಿರ್ರೆನ್ನುತ್ತಿತ್ತು. ಹಿಂದೆ ಭಾರ ಬಿದ್ದಷ್ಟೂ ಮುಂದೆ ಹಿಡಿತ ಸಡಿಲ. ಬೊಲೆರೊದಲ್ಲಿ ತಿರುಗುವುದು ಹಿಂದಿನ ಚಕ್ರ. ಅಲ್ಲಿ ಮೂಟೆಯೇ ಉಪಕಾರ. ಆದರೆ ಹಿಂಬದಿಯದು ಅಡ್ಡ ಸೀಟು. ಅಂಥದೇ ಸೀಟಿನಲ್ಲಿ ಆಗುಂಬೆ ಘಾಟಿ ಇಳಿದ ನಮ್ಮತ್ತೆ ಮೂರು ದಿನ ಮಾತು ಬಿಟ್ಟಿದ್ದರು!

ಡಾಂಬರು ದಾರಿಯಾದರೆ ಎರ್ಟಿಗಾ ಸಾಕು. ಮೂರನೇ ಸಾಲು ಮಡಚಿದರೆ 550 ಲೀಟರ್ ಜಾಗ. ಗೊಬ್ಬರ ವರ್ಷಕ್ಕೆ ಎರಡು ಸಲ ತಾನೇ? ಅದಕ್ಕೆ ಬಾಡಿಗೆ ಪಿಕಪ್ ಕರೆಸಿ.